ಸ್ಪೀಕರ್ ವೈರ್ ಜಾಯಿಂಟ್ ಗಟ್ಟಿಯಾಗಿ ನಿಲ್ಲಬೇಕಾದರೆ

ಸ್ಪೀಕರ್ ವೈರ್ ಉದ್ದ ಸಾಲದಿದ್ದರೆ ಬರೀ ತಿರುಚಿ ಟೇಪ್ ಸುತ್ತಿ ಬಿಡಬೇಡಿ. ಸೆಕೆಗೆ ಟೇಪಿನ ಅಂಟು ಜಾರುತ್ತದೆ, ತಾಮ್ರ ಕಪ್ಪಾಗುತ್ತದೆ, ಆಮೇಲೆ ಕರಕರ ಸದ್ದು ಶುರು.

ಮೊದಲು ಆಂಪ್ಲಿಫೈಯರ್ ಪ್ಲಗ್ ಕಿತ್ತು, ವೈರನ್ನೂ ಅದರಿಂದ ಬಿಡಿಸಿ. ಎರಡು ಜಾಯಿಂಟ್‌ಗಳು ಅಕ್ಕಪಕ್ಕ ಬರದಂತೆ ಒಂದು ತುಂಡಿನಲ್ಲಿ ಒಂದು ವೈರನ್ನು, ಎದುರಿನ ತುಂಡಿನಲ್ಲಿ ಇನ್ನೊಂದನ್ನು 3-4 ಸೆಂ.ಮೀ. ಗಿಡ್ಡ ಕತ್ತರಿಸಿ, ಶಾರ್ಟ್ ಆಗುವ ಭಯ ಅಲ್ಲಿಗೆ ಮುಗಿಯಿತು. ಹೀಟ್ ಶ್ರಿಂಕ್ ಸ್ಲೀವ್ (ಕೊನೆಗೆ ಜಾಯಿಂಟ್ ಮೇಲೆ ಎಳೆದು ಕಾಯಿಸಿದರೆ ಕುಗ್ಗಿ ಹಿಡಿಯುವ ಕೊಳವೆ) ಈಗಲೇ ತೂರಿಸಿಡಿ, ಜೋಡಿಸಿದ ಮೇಲೆ ತೂರಿಸಲು ದಾರಿಯಿಲ್ಲ. ತುದಿಯಲ್ಲಿ 2 ಸೆಂ.ಮೀ. ಸಿಪ್ಪೆ ಸುಲಿದು, ಎಳೆಗಳನ್ನು ಎದುರುಬದುರು ಹೆಣೆದು ಬಿಗಿಯಾಗಿ ತಿರುಚಿ. ಸಾಲ್ಡರಿಂಗ್ ಐರನ್ನಿನಿಂದ ತಾಮ್ರವನ್ನೇ ಕಾಯಿಸಿ, ಸಾಲ್ಡರ್ (ಬೆಸುಗೆ ತಂತಿ) ಅದಕ್ಕೆ ಮುಟ್ಟಿಸಿ. ಎಳೆಗಳೊಳಗೆ ಇಂಗಿ ಹೊಳೆಯಬೇಕು. ಮೇಲೆ ಉಂಡೆಯಾಗಿ ಕೂತರೆ ಜಾಯಿಂಟ್ ಹಿಡಿದಿಲ್ಲ.

ಗೆರೆಯಿರುವ ವೈರ್ ಗೆರೆಯ ವೈರಿಗೇ ಸೇರಬೇಕು. ಒಂದು ಸ್ಪೀಕರ್ ಮಾತ್ರ ಅದಲುಬದಲಾದರೆ ಹಾಡೇನೋ ಬರುತ್ತದೆ, ಬೇಸ್ ಸಪ್ಪೆ. ಗುರುತಿಲ್ಲದ ವೂಫರ್ (ಬೇಸ್ ಸ್ಪೀಕರ್) ವೈರಿಗೆ 1.5 ವೋಲ್ಟ್ ಸೆಲ್ ಕ್ಷಣಮಾತ್ರ ತಾಗಿಸಿ: ಕೋನ್ (ಸ್ಪೀಕರಿನ ಅದುರುವ ಪರದೆ) ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರ್ ಪ್ಲಸ್.

ಸ್ಕ್ರೂ ಟರ್ಮಿನಲ್‌ಗೆ ಹೋಗುವ ತುದಿಗೆ ಮಾತ್ರ ಸಾಲ್ಡರ್ ಬೇಡ. ಅದು ಮೆತ್ತಗಿನ ಲೋಹ, ಒತ್ತಡಕ್ಕೆ ತಗ್ಗಿ ಸ್ಕ್ರೂ ಸಡಿಲವಾಗುತ್ತದೆ. 1 ಸೆಂ.ಮೀ. ಸುಲಿದು ತಿರುಚಿ ಹಾಕಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್ ಸುಡಬಹುದು. ಆನ್ ಮಾಡುವ ಮುಂಚೆ ಟಾರ್ಚ್ ಹಿಡಿದು ನೋಡಿ.