ಬೋಸನ್ ಪೈಪ್ ಊದಲು ನಾನು ಕಲಿತ ಬಗೆ

ನೌಕಾಪಡೆಯ ಸಂಪ್ರದಾಯ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಬಿಳಿ ಸಮವಸ್ತ್ರ, ಕವಾಯತು, ಬ್ಯಾಂಡು. ಕೆಡೆಟ್ ಆಗಿದ್ದಾಗ ನನ್ನ ಮನಸ್ಸು ಹೋದದ್ದು ಬೋಸನ್ ಪೈಪ್ ಕಡೆಗೆ. ಬೋಸನ್ ಅಂದರೆ ಡೆಕ್ ಮೇಲಿನ ಕೆಲಸ ನೋಡಿಕೊಳ್ಳುವ ಹಿರಿಯ ನಾವಿಕ. ಕೈಯೊಳಗೆ ಹಿಡಿಯುವ ಅವನ ಲೋಹದ ಸೀಟಿ ಅದು. ಇರುವುದು ಎರಡೇ ಮುಖ್ಯ ಸ್ವರ: ಒಂದು ತಗ್ಗು, ಒಂದು ಏರು. ಅಷ್ಟರಲ್ಲೇ ಡೆಕ್ ಮೇಲಿರುವ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಬಹುದು, ಮತ್ತೆ ಕೆಲಸಕ್ಕೆ ಕಳಿಸಬಹುದು, ಹಡಗಿಗೆ ಬಂದವರನ್ನು ಗೌರವದಿಂದ ಬರಮಾಡಿಕೊಳ್ಳಬಹುದು. ಈಗ ಹೊಸ ಕೆಡೆಟ್‌ಗಳಿಗೆ ನಾನೇ ಇದನ್ನು ಕಲಿಸುತ್ತೇನೆ.

ಗಾಳಿ ಹೋಗುವ ಉದ್ದನೆಯ ಕೊಳವೆಗೆ ಗನ್ ಎನ್ನುತ್ತೇವೆ. ತುದಿಯಲ್ಲಿರುವ, ಮೇಲೆ ತೂತಿರುವ ಟೊಳ್ಳು ಗುಂಡು ಬಾಯ್ (buoy). ಕೆಳಗಿನ ಚಪ್ಪಟೆ ಪಟ್ಟಿ ಕೀಲ್, ಸರಪಳಿ ಸಿಕ್ಕಿಸುವ ಬಳೆ ಶ್ಯಾಕಲ್. ಹೆಬ್ಬೆರಳು ಶ್ಯಾಕಲ್ ಹತ್ತಿರ ಇರಬೇಕು, ಬಾಯ್ ಅಂಗೈಗೆ ಒರಗಬೇಕು. ಉಳಿದ ಬೆರಳುಗಳು ಗುಂಡಿನ ಮೇಲೆ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತವೆ. ಕೈ ತೆರೆದು ಮೆಲ್ಲಗೆ ಊದಿದರೆ ತಗ್ಗು ಸ್ವರ. ಬೆರಳು ಮುಚ್ಚಿ ಉಸಿರಿನ ಒತ್ತಡ ಹೆಚ್ಚಿಸಿದರೆ ಏರು ಸ್ವರ. ಆದರೆ ಮುಚ್ಚುವಾಗ ಬೆರಳು ತೂತಿನ ಅಂಚಿಗೆ ತಾಗಬಾರದು. ತಾಗಿದರೆ ದನಿ ಉಸಿರುಗಟ್ಟುತ್ತದೆ. ಹೊಸಬರಲ್ಲಿ ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲೇ.

ಪೈಪ್ ಸರಿಯಿಲ್ಲದಿದ್ದರೆ ಎಷ್ಟು ಊದಿದರೂ ಬರೀ ಗಾಳಿಯ ಸದ್ದು. ಗನ್ನಿನಿಂದ ಬಂದ ಗಾಳಿ ತೂತಿನ ಚೂಪು ಅಂಚಿಗೆ ಬಡಿದು ಎರಡಾಗಿ ಸೀಳಬೇಕು. ಆಗಲೇ ದನಿ. ಅಂಚು ಮೊಂಡಾಗಿದ್ದರೆ ಸಣ್ಣ ಅರದಿಂದ ಹುಷಾರಾಗಿ ಉಜ್ಜುತ್ತೇನೆ. ಗನ್ನಿಗೂ ಬಾಯ್‌ಗೂ ನಡುವಿನ ಸಂದಿನ ಪಕ್ಕಗಳಲ್ಲಿ ಗಾಳಿ ಸೋರಿದರೆ ಸ್ವಲ್ಪ ಜೇನುಮೇಣ ಮೆತ್ತುತ್ತೇನೆ. ಇದು ಹಳೆಯ ನಾವಿಕರ ಉಪಾಯ, ಇಂದಿಗೂ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಸೀಟಿಯಲ್ಲಿ ಊದುವ ಒಂದೊಂದು ಅಪ್ಪಣೆಗೂ ಪೈಪ್ ಎಂದೇ ಹೆಸರು. ಮೊದಲು ಕಲಿಯುವುದು ಸ್ಟಿಲ್. ಏರು ಸ್ವರವನ್ನು 8 ಸೆಕೆಂಡ್ ಅಲುಗಾಡದಂತೆ ಹಿಡಿಯಬೇಕು. ಕೇಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅಟೆನ್ಷನ್‌ಗೆ ಬರುತ್ತಾರೆ. ಬೆಳಿಗ್ಗೆ ಕಲರ್ಸ್ ಹೊತ್ತಿಗೆ, ಅಂದರೆ ಧ್ವಜ ಏರಿಸುವಾಗ, ಇದೇ ಪೈಪ್. ಧ್ವಜ ಮೇಲೆ ಸೇರಿದ ಮೇಲೆ, ಕೆಲಸ ಮುಂದುವರಿಸಿ ಎನ್ನಲು, ಚಿಕ್ಕದಾಗಿ ಕ್ಯಾರಿ ಆನ್: ಒಂದು ಸೆಕೆಂಡ್ ಏರು ಸ್ವರ, ಆಮೇಲೆ ತಗ್ಗು. ತಗ್ಗು, ಏರು ಸ್ವರಗಳನ್ನು ಬೇಗಬೇಗ ಬದಲಿಸುವ ವಾರ್ಬಲ್, ಅದುರುವ ದನಿಯ ಟ್ರಿಲ್ ಎಲ್ಲ ಆಮೇಲೆ. ಟ್ರಿಲ್‌ಗೆ ನಾಲಿಗೆಯನ್ನು ‘ರ್‌ರ್‌ರ್’ ಎಂದು ಅದುರಿಸುತ್ತಾ ಊದಬೇಕು.

ನನಗೆ ಎಲ್ಲಕ್ಕಿಂತ ಪ್ರೀತಿ ಸೈಡ್ ಪೈಪ್ ಮೇಲೆ. ಗಣ್ಯರು, ಹಿರಿಯ ಅಧಿಕಾರಿಗಳು ಹಡಗು ಹತ್ತುವಾಗ, ಇಳಿಯುವಾಗ ಊದುವ ಪೈಪ್ ಇದು. ಒಟ್ಟು 12 ಸೆಕೆಂಡ್. ತಗ್ಗಿನಿಂದ ಶುರುವಾಗಿ 4 ಸೆಕೆಂಡಿನಲ್ಲಿ ಏರಬೇಕು, 4 ಸೆಕೆಂಡ್ ಮೇಲೆ ನಿಲ್ಲಬೇಕು, ಉಳಿದ 4 ಸೆಕೆಂಡಿನಲ್ಲಿ ಇಳಿಯಬೇಕು. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ಚಾರ್ಟಿನಲ್ಲಿ ನೋಡಿದರೆ ಇದು ಗುಡ್ಡ ಹತ್ತಿ ಇಳಿದ ಹಾಗೆ. ಚಾರ್ಟ್ ನೋಡಿಕೊಂಡು ಊದುತ್ತಿದ್ದಾಗ ಸೆಕೆಂಡುಗಳು ಸರಿಯಾಗುತ್ತಿದ್ದವು, ಪೈಪಿಗೆ ಮಾತ್ರ ಜೀವ ಬರುತ್ತಿರಲಿಲ್ಲ. ಜೀವ ಬಂದದ್ದು ಅದರ ಹಿಂದಿನ ಕೆಲಸ ಏನೆಂದು ತಿಳಿದ ಮೇಲೆ.

ಹಾಯಿಹಡಗುಗಳ ಕಾಲದಲ್ಲಿ ಒಂದು ಹಡಗಿನ ಕ್ಯಾಪ್ಟನ್ ಮತ್ತೊಂದು ಹಡಗಿಗೆ ದೋಣಿಯಲ್ಲಿ ಹೋಗುತ್ತಿದ್ದರು. ಅಲೆ ಜೋರಾಗಿದ್ದರೆ ಏಣಿ ಹತ್ತುವುದು ಅಪಾಯ. ಆಗ ಹಾಯಿಕಂಬದ ಅಡ್ಡತೊಲೆಯಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಕಟ್ಟಿದ ಹಲಗೆಯ ಮೇಲೆ ಅವರನ್ನು ಕೂರಿಸಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಡೆಕ್ ಮೇಲೆ ಹಗ್ಗ ಎಳೆಯುವವರಿಗೆ ಕೆಳಗಿನ ದೋಣಿ ಕಾಣುವುದಿಲ್ಲ. ಎಳೆಯಿರಿ, ತಡೆಯಿರಿ, ಇಳಿಸಿ ಎಂಬ ಅಪ್ಪಣೆಯೆಲ್ಲ ಬೋಸನ್ನನ ಪೈಪಿನಿಂದಲೇ ಬರಬೇಕು. ಹಲಗೆ ಹೋಯಿತು, ಹಗ್ಗ ಹೋಯಿತು, ಆ ಅಪ್ಪಣೆ ಮಾತ್ರ ಗೌರವವಾಗಿ ಉಳಿದಿದೆ.

ಅದಕ್ಕೇ ನಾನು ಕಲಿಸುವಾಗ ಚಾರ್ಟ್ ಪಕ್ಕಕ್ಕಿಡಿಸಿ ಹೇಳುತ್ತೇನೆ: ‘ಹಗ್ಗದ ತುದಿಯಲ್ಲಿ ಒಬ್ಬರು ಕೂತಿದ್ದಾರೆ ಅಂದ್ಕೊಳ್ಳಿ. ದಡಬಡ ಏರಿಸಿದರೆ ಅವರಿಗೆ ಜೋಲಿ ಹೊಡೆಯುತ್ತೆ. ಮೇಲೆ ಬಂದಾಗ ದನಿ ನಡುಗಿದರೆ ಅವರು ನೀರಿನ ಮೇಲೆ ತೂಗಾಡ್ತಾರೆ. ಕೊನೆಗೆ ಥಟ್ಟನೆ ನಿಲ್ಲಿಸಿದರೆ ಡೆಕ್ ಮೇಲೆ ಬೀಳ್ತಾರೆ.’ ಇಷ್ಟು ಹೇಳಿದ ಮೇಲೆ ಊದುವವರ ಕೈ ತಾನಾಗಿ ನಿಧಾನವಾಗುತ್ತದೆ. ಇಡೀ 12 ಸೆಕೆಂಡ್ ಒಂದೇ ಉಸಿರಿನಲ್ಲಿ ಮುಗಿಯಬೇಕಲ್ವಾ? ಅದಕ್ಕೆ ಪೈಪ್ ಮುಟ್ಟುವ ಮೊದಲು ಬಾಯಲ್ಲೇ ‘ಸ್ಸ್’ ಎಂದು ಸಮನಾಗಿ ಉಸಿರು ಬಿಡುವ ಅಭ್ಯಾಸ ಮಾಡಿಸುತ್ತೇನೆ. ಏರು ಸ್ವರ ಗಾಳಿಯನ್ನು ಬೇಗ ತಿನ್ನುತ್ತದೆ, ಇಳಿಯಲು ಒಂದಿಷ್ಟು ಉಳಿಸಿಕೊಂಡಿರಬೇಕು.

ಹಲವರು ಸೇರಿ ಊದುವಾಗ ಒಟ್ಟಿಗೆ ಶುರುವಾಗುವುದೇ ದೊಡ್ಡ ಕೆಲಸ. ನಾವು ಪಕ್ಕದವರ ಭುಜ ನೋಡಿ ಉಸಿರು ಎಳೆದುಕೊಳ್ಳುತ್ತೇವೆ. ಅತಿಥಿ ದೋಣಿಯಲ್ಲಿ ಬಂದರೆ ಎರಡು ಸಲ ಊದಬೇಕು. ಮೊದಲನೆಯದು ದೋಣಿ ಹಡಗಿನ ಪಕ್ಕ ನಿಲ್ಲುವ ಹೊತ್ತಿಗೆ ಸರಿಯಾಗಿ ಮುಗಿಯಬೇಕು, ಎರಡನೆಯದು ಅವರು ಏಣಿ ಹತ್ತಿ ಬರುವಾಗ. ಮೊದಲನೆಯದು ನಿಜಕ್ಕೂ ಕಷ್ಟ. ದೋಣಿಯ ವೇಗ, ಗಾಳಿ, ನೀರಿನ ಸೆಳೆತ ಎಲ್ಲ ಕಣ್ಣಳತೆಯಲ್ಲೇ ಲೆಕ್ಕ ಹಾಕಬೇಕು.

ಸತ್ತ ನಾವಿಕನ ದೇಹವನ್ನು ಹಡಗಿನಿಂದ ಇಳಿಸುವಾಗಲೂ ಸೈಡ್ ಪೈಪ್ ಊದುತ್ತಾರೆ. ಅಲ್ಲಿ ಪದವಿಯ ಲೆಕ್ಕವಿಲ್ಲ. ಅಡ್ಮಿರಲ್‌ಗೆ ಸಲ್ಲುವ ಗೌರವ ಅತಿ ಕಿರಿಯ ನಾವಿಕನಿಗೂ ಸಲ್ಲುತ್ತದೆ. ನಮ್ಮ ಎಲ್ಲ ಸಂಪ್ರದಾಯಗಳಲ್ಲಿ ನಾನು ಅತಿ ದೊಡ್ಡದೆಂದು ನಂಬಿರುವುದು ಇದನ್ನೇ.

ಧ್ವನಿವರ್ಧಕ ಇರುವಾಗ ಪೈಪ್ ಯಾಕೆ ಎಂದು ಹೊಸಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಾತಿಗೆ ಕಿವಿಗೊಡುವ ಮೊದಲು ಜನ ಎಚ್ಚರವಾಗಬೇಕು, ಅದನ್ನು ಪೈಪ್ ಮಾಡುತ್ತದೆ. ಇಂಜಿನ್ ಸದ್ದು, ಗಾಳಿಯ ಸದ್ದು ಸೀಳಿಕೊಂಡು ಹೋಗುವ ದನಿ ಅದರದ್ದು. ಈಗಲೂ ಎಷ್ಟೋ ಹಡಗುಗಳಲ್ಲಿ ಮೈಕಿನ ಮುಂದೆ ಮೊದಲು ಪೈಪ್ ಊದಿ, ಆಮೇಲೆ ಪ್ರಕಟಣೆ ಹೇಳುತ್ತಾರೆ. ಹಡಗಿನಲ್ಲಿ ಸುಮ್ನೆ ಸಿಳ್ಳೆ ಹಾಕಬಾರದು ಎಂಬ ಹಳೆಯ ಕಟ್ಟುಪಾಡಿಗೂ ಇದೇ ಕಾರಣ ಹೇಳುತ್ತಾರೆ. ಸಿಳ್ಳೆಯನ್ನು ಪೈಪ್ ಅಂತ ಯಾರಾದರೂ ತಿಳಿದರೆ?

ಅದಕ್ಕೇ ಅಭ್ಯಾಸಕ್ಕೆ ಜಾಗ ನೋಡಿಕೊಳ್ಳಿ. ಹಡಗು ಕೆಲಸದಲ್ಲಿರುವಾಗ ಡೆಕ್ ಮೇಲೆ ಸ್ಟಿಲ್ ಊದಿ ನೋಡಬೇಡಿ, ಕೆಲಸದಲ್ಲಿರುವವರು ನಿಜವಾಗಿ ನಿಂತುಬಿಡುತ್ತಾರೆ. ದಡದಲ್ಲಿ, ಜನರಿಂದ ದೂರ, ಬಯಲಿನಲ್ಲಿ ಊದಿ. ಬಯಲಿನಲ್ಲಿ ಪ್ರತಿಧ್ವನಿ ಇರುವುದಿಲ್ಲ, ಆದ್ದರಿಂದ ನಿಮ್ಮ ದನಿ ಹೇಗಿದೆಯೋ ಹಾಗೇ ಕೇಳುತ್ತದೆ. ಮುಗಿದ ಮೇಲೆ ಪೈಪನ್ನು ಸಿಹಿನೀರಿನಲ್ಲಿ ತೊಳೆದು, ಒಳಗಿನ ತೇವ ಊದಿ ತೆಗೆದು, ಒರೆಸಿಡಿ.