ಲೈಟ್ ಹಸಿರು, ಲಿಂಕ್ ಮಾತ್ರ ಕೆಟ್ಟಿದೆ

ಸರ್ವರ್‌ಗಳನ್ನು ಡಿಸ್ಕ್‌ಗಳಿಗೆ ಜೋಡಿಸುವ ಸ್ಟೋರೇಜ್ ನೆಟ್‌ವರ್ಕ್‌ನಲ್ಲಿ ಲಿಂಕ್ ಪೂರ್ತಿ ಸತ್ತರೆ ನನಗೆ ಚಿಂತೆಯಿಲ್ಲ. ಸರ್ವರ್‌ನ ಮಲ್ಟಿಪಾಥ್ ಸಾಫ್ಟ್‌ವೇರ್ ಇನ್ನೊಂದು ದಾರಿ ಹಿಡಿಯುತ್ತದೆ, ನಾವು ನಿಧಾನಕ್ಕೆ ರಿಪೇರಿ ಮಾಡಬಹುದು. ಕಾಟ ಕೊಡುವುದು ಅರ್ಧ ಜೀವದ ಲಿಂಕ್.

ಮಡಿಕೇರಿಯ ಒಂದು ಕಚೇರಿಯಲ್ಲಿ ಫೈಬರ್ ಚಾನೆಲ್ ಎಂಬ ಬಗೆಯ ಸ್ಟೋರೇಜ್ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಒಂದು ಮಳೆಗಾಲದಲ್ಲಿ ಡೇಟಾಬೇಸ್ ಆಗಾಗ ನಿಂತು, ಮತ್ತೆ ತಾನೇ ಓಡತೊಡಗಿತು. ಸ್ವಿಚ್‌ಗಳಲ್ಲಿ ಎಲ್ಲಾ ಲೈಟ್ ಹಸಿರು. ಸರ್ವರ್‌ನಲ್ಲಿ ನೋಡಿದರೆ ಒಂದು ಪಾಥ್ ಫೇಲ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಆಕ್ಟಿವ್ ಆಗುತ್ತದೆ. ಪಾಥ್ ಚೆನ್ನಾಗಿದೆಯಾ ಅಂತ ಮಲ್ಟಿಪಾಥ್ ಕಳಿಸುವುದು ತೀರಾ ಚಿಕ್ಕ ಕಮಾಂಡ್. ಅದು ಹೇಗೋ ದಾಟುತ್ತದೆ. ದೊಡ್ಡ ಡೇಟಾ ಬಂದಾಗ ಲಿಂಕ್ ಮುಗ್ಗರಿಸುತ್ತದೆ.

"ಜೋನಿಂಗ್ ನೋಡಿ ಸರ್" ಎಂದರು ಜೊತೆಗಿದ್ದವರು. ಯಾವ ಸರ್ವರ್‌ಗೆ ಯಾವ ಸ್ಟೋರೇಜ್ ಕಾಣಬೇಕು ಎಂದು ಸ್ವಿಚ್‌ನಲ್ಲಿ ಬರೆಯುವ ನಿಯಮವೇ ಜೋನಿಂಗ್. ನಾನು ಅದನ್ನು ಮುಟ್ಟಲಿಲ್ಲ. ಜೋನಿಂಗ್ ತಪ್ಪಿದ್ದರೆ ಡಿಸ್ಕ್ ಕಾಣುವುದೇ ಇಲ್ಲ, ಹೀಗೆ ಬಂದು ಹೋಗಿ ಆಟ ಆಡುವುದಿಲ್ಲ. ಸರ್ವರ್‌ನ ಎಚ್‌ಬಿಎ ಕಾರ್ಡ್ (ಈ ನೆಟ್‌ವರ್ಕ್‌ಗೆ ಸೇರಿಸುವ ಕಾರ್ಡ್) ಬದಲಾಯಿಸಿದ ಮೇಲೆ ಡಿಸ್ಕ್ ಮಾಯವಾದರೆ ಅಲ್ಲಿ ಹುಡುಕಬೇಕು. ಕಾರ್ಡ್ ಜೊತೆಗೆ ಅದರ ವಿಳಾಸವಾದ ಡಬ್ಲ್ಯುಡಬ್ಲ್ಯುಪಿಎನ್ ಕೂಡ ಬದಲಾಗಿರುತ್ತದೆ.

ಸ್ವಿಚ್‌ನ ಎರರ್ ಕೌಂಟರ್‌ಗಳನ್ನು ಮೊದಲು ಸೊನ್ನೆ ಮಾಡಿದೆ. ಯಾವ ಕಾಲದ್ದೋ ಗೊತ್ತಿಲ್ಲದ ಲೆಕ್ಕ ಇಟ್ಟುಕೊಂಡು ಏನು ಮಾಡುವುದು? ಬಳಿಕ ಎರಡು ಕಡೆ ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ (ಡೇಟಾ ತುಂಡುಗಳ) ಲೆಕ್ಕ, ಏರತೊಡಗಿತು. ಒಂದು, ಕೆಳಗಿನ ಮಹಡಿಯ ಸ್ವಿಚ್‌ನಲ್ಲಿ ಸ್ಟೋರೇಜ್ ಸೇರುವ ಪೋರ್ಟ್. ಇನ್ನೊಂದು, ಮೇಲಿನ ಮಹಡಿಯ ಸ್ವಿಚ್‌ಗೆ ಹೋಗುವ ಐಎಸ್‌ಎಲ್‌ನ (ಎರಡು ಸ್ವಿಚ್ ಜೋಡಿಸುವ ಲಿಂಕ್) ಆಚೆ ತುದಿ. ಹಾಗಂತ ಎರಡು ಕೇಬಲ್ ಕೆಟ್ಟಿವೆ ಅಂತಲ್ಲ. ಫ್ರೇಮ್ ಪೂರ್ತಿ ಬರುವ ಮೊದಲೇ ಸ್ವಿಚ್ ಅದನ್ನು ಮುಂದಕ್ಕೆ ಕಳಿಸಲು ಶುರು ಮಾಡಿರುತ್ತದೆ. ಕೆಟ್ಟಿದೆ ಎಂದು ಗೊತ್ತಾದಾಗ ಕೊನೆಯಲ್ಲಿ ಗುರುತು ಹಾಕುತ್ತದೆ, ಅಷ್ಟೇ. ಹಾಗಾಗಿ ಅದೇ ಫ್ರೇಮ್ ಮುಂದಿನ ಸ್ವಿಚ್‌ನಲ್ಲೂ ಎರರ್ ಲೆಕ್ಕಕ್ಕೆ ಸೇರುತ್ತದೆ. ಬ್ರೋಕೇಡ್ ಸ್ವಿಚ್‌ಗಳಲ್ಲಿ ಇದಕ್ಕೆ 'ಸಿಆರ್‌ಸಿ ಜಿ-ಇಒಎಫ್' ಎಂಬ ಬೇರೆ ಕಾಲಂ ಇದೆ. ಆ ಗುರುತು ಇಲ್ಲದೆ ಬಂದ ಕೆಟ್ಟ ಫ್ರೇಮ್‌ಗಳ ಲೆಕ್ಕ ಅದು. ಅಲ್ಲಿ ಅಂಕಿ ಏರಿದರೆ ತೊಂದರೆ ಆ ಲಿಂಕ್‌ನದ್ದೇ. ಸ್ಟೋರೇಜ್ ಪೋರ್ಟ್‌ನಲ್ಲಿ ಏರುತ್ತಿತ್ತು, ಐಎಸ್‌ಎಲ್‌ನಲ್ಲಿ ಸೊನ್ನೆ. ಅರ್ಧ ಊರು ಸುತ್ತುವ ಕೆಲಸ ಉಳಿಯಿತು!

ಇನ್ನೊಂದು ಫ್ಯಾಬ್ರಿಕ್‌ನ (ಪ್ರತ್ಯೇಕ ಸ್ವಿಚ್ ಜಾಲದ) ಪಾಥ್‌ಗಳು ಸರಿಯಿವೆಯಾ ನೋಡಿಕೊಂಡು ಆ ಪೋರ್ಟ್ ಮುಚ್ಚಿದೆ. ಡೇಟಾಬೇಸ್ ತಕ್ಷಣ ಸರಾಗ ಓಡಿತು.

ಸಂಜೆ ಪೋರ್ಟ್ ತೆರೆದು, ಕೇಬಲ್ ಚುಚ್ಚುವ ಎಸ್‌ಎಫ್‌ಪಿ ಮಾಡ್ಯೂಲ್‌ಗೆ ಬರುತ್ತಿದ್ದ ಬೆಳಕು ಅಳೆದೆ. ಪಕ್ಕದ ಪೋರ್ಟ್‌ಗಿಂತ 3 ಡಿಬಿಗೂ ಕಡಿಮೆ. 3 ಡಿಬಿ ಇಳಿದರೆ ಬೆಳಕು ಅರ್ಧಕ್ಕಿಳಿದಂತೆ. (ಫೈಬರ್ ತುದಿಗೆ ಕಣ್ಣು ಇಟ್ಟು ನೋಡಬೇಡಿ. 850 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೂ ಅಪಾಯ.) ತುದಿಗಳನ್ನು ಕ್ಲೀನರ್‌ನಿಂದ ಒರೆಸಿದೆ. ಸ್ವಲ್ಪ ಏರಿತು, ಸಾಲಲಿಲ್ಲ. ಕೇಬಲ್ ಉದ್ದಕ್ಕೂ ಕೈಯಾಡಿಸಿದಾಗ ರ‍್ಯಾಕ್ ಬಾಗಿಲಿಗೆ ಸಿಕ್ಕಿ ಮಡಚಿದ್ದ ಜಾಗ ಸಿಕ್ಕಿತು. ಮಳೆ, ಮಂಜು ಅಂತ ಸುಮ್ನೆ ದೂರುತ್ತಿದ್ದೆವು, ಅಲ್ವಾ!

ಹೊಸ ಕೇಬಲ್ ಹಾಕಿ, ಕೌಂಟರ್ ಮತ್ತೆ ಸೊನ್ನೆ ಮಾಡಿ, ರಾತ್ರಿಯ ಬ್ಯಾಕಪ್ ಓಡಲು ಬಿಟ್ಟೆ. ಬೆಳಿಗ್ಗೆಯೂ ಸೊನ್ನೆಯೇ. ಹಳೆ ಕೇಬಲನ್ನು ನಡುವೆ ಕತ್ತರಿಸಿ ಎಸೆದೆ. ಡ್ರಾಯರ್‌ನಲ್ಲಿಟ್ಟರೆ ಯಾರಾದರೂ ಮತ್ತೆ ಚುಚ್ಚುತ್ತಾರೆ.