ಮೆಡಿಟರೇನಿಯನ್ ಕ್ರೂಸ್‌ನಲ್ಲಿ ಹಡಗಿನವರ ಟೂರ್ ಬಿಟ್ಟು ನಾವೇ ಊರು ಸುತ್ತಿದ್ದು

ಕ್ರೂಸ್‌ಗೆ ದುಡ್ಡು ಕಟ್ಟಿದ ಮಾರನೇ ದಿನದಿಂದಲೇ ಮೇಲ್ ಮೇಲೆ ಮೇಲ್ ಬರೋಕೆ ಶುರು, ರೋಮ್ ಟೂರ್, ಪೊಂಪೇಯಿ ಟೂರ್, ಪೀಸಾ ಟೂರ್, ಈಗ್ಲೇ ತಗೊಂಡ್ರೆ ಡಿಸ್ಕೌಂಟ್ ಅಂತ. ಒಬ್ಬೊಬ್ಬರಿಗೆ ನೂರು ಯೂರೋ ಆಸುಪಾಸು. ನಾವು ನಾಲ್ಕು ಜನ, ನಾನು, ಹೆಂಡ್ತಿ, ಕಾಲೇಜಿಗೆ ಹೋಗೋ ಮಗಳು, ಮಂಡಿ ನೋವಿರೋ ಅಮ್ಮ. ಪ್ರತಿ ಊರಲ್ಲೂ ಟೂರ್ ತಗೊಂಡ್ರೆ ಇನ್ನೊಂದು ಕ್ರೂಸ್ ದುಡ್ಡೇ ಆಗುತ್ತೆ. ಹಾಗಂತ ನಾನು ಟೂರ್‌ಗಳ ವಿರೋಧಿ ಏನಲ್ಲ, ಕೊನೇಲಿ ಅದನ್ನೂ ಹೇಳ್ತೀನಿ.

ನಮ್ಮ ರೂಟ್ ಬಾರ್ಸಿಲೋನಾದಿಂದ ಶುರುವಾಗಿ ಇಟಲಿಯ ಲಿವೋರ್ನೊ, ಚಿವಿಟಾವೆಕ್ಯಾ, ನೇಪಲ್ಸ್, ಮೆಸ್ಸೀನಾ, ಮಾಲ್ಟಾದ ವಲೆಟ್ಟಾ, ಆಮೇಲೆ ವಾಪಸ್ ಬಾರ್ಸಿಲೋನಾ. ಮೊದಲು ಮಾಡಿದ ಕೆಲಸ ಅಂದ್ರೆ ಮ್ಯಾಪ್ ತೆಗೆದು ಹಡಗು ನಿಲ್ಲೋ ಜಾಗಕ್ಕೂ ನಾವು ನೋಡ್ಬೇಕಿರೋ ಜಾಗಕ್ಕೂ ಎಷ್ಟು ದೂರ ಅಂತ ನೋಡಿದ್ದು. ಬ್ರೋಷರ್‌ನಲ್ಲಿ ರೋಮ್ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ, ಹಡಗು ನಿಲ್ಲೋದು 80 ಕಿ.ಮೀ. ಆಚೆ ಚಿವಿಟಾವೆಕ್ಯಾದಲ್ಲಿ. ಫ್ಲಾರೆನ್ಸ್ ಅಂತ ಹಾಕಿರೋದು ಲಿವೋರ್ನೊ, ಅಲ್ಲಿಂದ ಟ್ರೇನ್‌ನಲ್ಲೇ ಒಂದೂಕಾಲು, ಒಂದೂವರೆ ಗಂಟೆ. ಆದ್ರೆ ನೇಪಲ್ಸ್, ಮೆಸ್ಸೀನಾ, ವಲೆಟ್ಟಾ ಹಾಗಲ್ಲ, ಹಡಗಿಂದ ಇಳಿದ್ರೆ ಊರೊಳಗೇ ಇರ್ತೀರ. ಅಂಥ ಕಡೆ ಬಸ್ಸಿಗೆ ಯಾಕ್ರೀ ದುಡ್ಡು ಕೊಡ್ಬೇಕು?

ಎಲ್ಲರಿಗೂ ಇರೋದು ಒಂದೇ ಭಯ, ಹಡಗು ಬಿಟ್ಟು ಹೋದ್ರೆ ಏನು ಗತಿ ಅಂತ. ಅಮ್ಮ ಅಂತೂ ಬೆಂಗಳೂರಲ್ಲಿ ಸೂಟ್‌ಕೇಸ್ ತುಂಬೋವಾಗಿಂದ ಇದನ್ನೇ ಕೇಳ್ತಿದ್ರು. ಭಯ ಸುಳ್ಳಲ್ಲ, ಹಡಗಿನವರದೇ ಟೂರ್ ಬಸ್ ಲೇಟಾದ್ರೆ ಕಾಯ್ತಾರೆ, ನಾವಾಗೇ ಹೋಗಿ ಲೇಟಾದ್ರೆ ಕಾಯಲ್ಲ, ಮುಂದಿನ ಪೋರ್ಟ್‌ಗೆ ನಮ್ಮ ಖರ್ಚಲ್ಲೇ ಹೋಗಿ ಹತ್ಕೋಬೇಕು. ಅದಕ್ಕೇ ನಾನು ಪ್ಲಾನನ್ನ ಹಿಂದಿನಿಂದ ಮುಂದಕ್ಕೆ ಬರೆದೆ. ಹೋಗೋ ಟ್ರೇನ್ ಯಾವ್ದು ಅಂತ ನೋಡೋಕೂ ಮುಂಚೆ ವಾಪಸ್ ಬರೋ ಟ್ರೇನ್ ಬರ್ಕೊಂಡೆ. ಎಲ್ಲರೂ ಹಡಗಲ್ಲಿರ್ಬೇಕು ಅಂತ ಒಂದು ಟೈಮ್ ಕೊಡ್ತಾರಲ್ಲ, ಹಡಗು ಹೊರಡೋದಕ್ಕಿಂತ ಅರ್ಧ ಗಂಟೆನೋ ಒಂದು ಗಂಟೆನೋ ಮುಂಚೆ ಇರುತ್ತೆ, ಅದಕ್ಕಿಂತ ಎರಡು ಗಂಟೆ ಮುಂಚೆ ಪೋರ್ಟ್ ಊರಿನ ಸ್ಟೇಷನ್‌ನಲ್ಲಿ ಇಳಿದಿರ್ಬೇಕು, ಮತ್ತೆ ನಾವು ಹತ್ತೋ ಟ್ರೇನ್ ಕ್ಯಾನ್ಸಲ್ ಆದ್ರೂ ಹಿಂದೆ ಇನ್ನೊಂದು ಇರ್ಲೇಬೇಕು. ಈ ಲೆಕ್ಕಕ್ಕೆ ಯಾವ ಊರು ಕೂರಲ್ವೋ ಅಲ್ಲಿ ಟೂರ್, ಇಲ್ಲಾಂದ್ರೆ ಹತ್ತಿರದಲ್ಲೇ ಏನಾದ್ರೂ ನೋಡೋದು. ಹಡಗಲ್ಲಿ ರಾತ್ರಿ ರೂಮಿಗೆ ಬರೋ ಕಾರ್ಯಕ್ರಮದ ಹಾಳೇಲಿ ಪೋರ್ಟ್ ಏಜೆಂಟ್, ಅಂದ್ರೆ ಆ ಊರಲ್ಲಿರೋ ಹಡಗಿನವರ ಪ್ರತಿನಿಧಿ, ಅವರ ನಂಬರ್ ಇರುತ್ತೆ, ಅದನ್ನ ದಿನಾ ಫೋಟೋ ತೆಗೆದು ಇಟ್ಕೋತಿದ್ದೆ. ಟೈಮ್ ಮಾತ್ರ ಹಡಗಿನದೇ ನೋಡಿ, ಗ್ರೀಸ್ ಕಡೆ ಹೋದ್ರೆ ಒಂದು ಗಂಟೆ ಮುಂದಾಗುತ್ತೆ, ಫೋನ್ ಒಂದು ತೋರ್ಸುತ್ತೆ ಹಡಗಲ್ಲಿ ಇನ್ನೊಂದಿರುತ್ತೆ.

ಲಿವೋರ್ನೊದಲ್ಲಿ ಫ್ಲಾರೆನ್ಸ್ ಬೇಡ ಅಂತ ಮೊದಲೇ ಬಿಟ್ವಿ. ಉಫೀಜಿ ಮ್ಯೂಸಿಯಂ ಒಂದಕ್ಕೇ ಅರ್ಧ ದಿನ ಬೇಕು, ಮೂರು ಗಂಟೆಯಲ್ಲಿ ಆ ಊರಿಗೆ ಹೋಗಿ ಸೆಲ್ಫಿ ತಗೊಂಡು ಬರೋದ್ರಲ್ಲಿ ಏನಿದೆ. ಆವತ್ತು ಅಮ್ಮ ಹಡಗಲ್ಲೇ ಉಳಿದ್ರು, ನಾವು ಮೂರು ಜನ ಶಟಲ್ ಬಸ್‌ನಲ್ಲಿ ಊರ ಮಧ್ಯಕ್ಕೆ ಬಂದ್ವಿ. ಅದು ಸರಕು ಬಂದರು, ಕಂಟೇನರ್ ಲಾರಿಗಳು ಓಡಾಡೋ ಜಾಗ, ನಡ್ಕೊಂಡು ಹೋಗೋಕೆ ಬಿಡಲ್ಲ. ಅಲ್ಲಿಂದ ಸಿಟಿ ಬಸ್‌ನಲ್ಲಿ ರೈಲ್ವೆ ಸ್ಟೇಷನ್, ಟ್ರೇನ್ ಹತ್ತಿ ಕಾಲು ಗಂಟೆ ಚಿಲ್ಲರೆಗೆ ಪೀಸಾ. ಗೋಪುರ ನೋಡಿ ಫೋಟೋ ತೆಗೆದಿದ್ದಾಯ್ತು, ಜಾಸ್ತಿ ಹೊತ್ತು ಬೇಕಾಗಲ್ಲ. 1990ರಲ್ಲಿ ಮುಚ್ಚಿ, ಬುಡದ ಮಣ್ಣು ತೆಗೆದು ಸ್ವಲ್ಪ ನೆಟ್ಟಗೆ ಮಾಡಿ 2001ರಲ್ಲಿ ಮತ್ತೆ ತೆಗೆದರಂತೆ, ಈಗ ಸುಮಾರು 4 ಡಿಗ್ರಿ ವಾಲಿದೆ, ಪೂರ್ತಿ ನೆಟ್ಟಗೆ ಮಾಡಿದ್ರೆ ಯಾರು ಬರ್ತಾರೆ ಹೇಳಿ. ನಮಗೆ ಇಷ್ಟ ಆಗಿದ್ದು ಅಲ್ಲಿಂದ ಅರ್ಧ ಗಂಟೆ ದೂರದ ಲುಕ್ಕಾ. ಊರ ಸುತ್ತ ಹಳೇ ಕೋಟೆ ಗೋಡೆ ಪೂರ್ತಿ ಉಳ್ಕೊಂಡಿದೆ, ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಮೇಲೆ ರಸ್ತೆಯಷ್ಟು ಅಗಲ, ಎರಡೂ ಕಡೆ ಮರ, ಬಾಡಿಗೆ ಸೈಕಲ್ ತಗೊಂಡು ಒಂದು ಸುತ್ತು ಹೊಡೆದ್ವಿ.

ರೋಮ್ ದಿನ ಸ್ವಲ್ಪ ಟೆನ್ಷನ್ ಇತ್ತು. ಹಡಗಿನ ಹತ್ರದಿಂದ ಬಂದರಿನ ಫ್ರೀ ಬಸ್ ಲಾರ್ಗೊ ದೆಲ್ಲಾ ಪಾಚೆ ಅನ್ನೋ ಜಾಗಕ್ಕೆ ಬಿಡುತ್ತೆ, ಅಲ್ಲಿಂದ ಸ್ಟೇಷನ್‌ಗೆ ಟಿಕೆಟ್ ತಗೊಂಡು ಇನ್ನೊಂದು ಬಸ್. ನಡೆಯೋರಿಗೆ ಸಮುದ್ರದ ಪಕ್ಕ ನಡ್ಕೊಂಡೂ ಹೋಗ್ಬಹುದು, ನಾವು ಅಮ್ಮ ಇದ್ದಿದ್ರಿಂದ ಬಸ್ಸೇ. ಇಲ್ಲಿ ಒಂದು ವಿಷಯ ಗೊತ್ತಿರ್ಲಿ, ರೀಜನಲ್ ಟ್ರೇನ್‌ಗೆ ಸೀಟ್ ನಂಬರ್ ಇಲ್ಲ, ಮುಂಚೆ ತಗೊಂಡ್ರೂ ಆವತ್ತೇ ತಗೊಂಡ್ರೂ ರೇಟ್ ಅದೇ, ಹಾಗಾಗಿ ಹಡಗು ಲೇಟಾದ್ರೆ ಟಿಕೆಟ್ ಹಾಳಾಗುತ್ತೆ ಅನ್ನೋ ಚಿಂತೆ ಇಲ್ಲ. ಪೇಪರ್ ಟಿಕೆಟ್ ಆದ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಚಿಕ್ಕ ಮಷೀನ್‌ಗೆ ತೂರಿಸಿ ಸ್ಟ್ಯಾಂಪ್ ಹಾಕಿಸ್ಬೇಕು, ಆ್ಯಪ್‌ನಲ್ಲಿ ತಗೊಂಡಿದ್ರೆ ಚೆಕ್‌ಇನ್ ಒತ್ಬೇಕು, ಇಲ್ಲಾಂದ್ರೆ ಟಿಕೆಟ್ ಕೈಯಲ್ಲಿದ್ದೂ ಫೈನ್.

ಎಲ್ಲರೂ ಟೆರ್ಮಿನಿ ಟೆರ್ಮಿನಿ ಅಂತ ಕೊನೇ ಸ್ಟೇಷನ್‌ವರೆಗೂ ಹೋಗ್ತಾರೆ. ನಾವು ಅದಕ್ಕಿಂತ ಮುಂಚೆನೇ ರೋಮಾ ಸಾನ್ ಪಿಯೆತ್ರೊದಲ್ಲಿ ಇಳಿದ್ವಿ, ಸೇಂಟ್ ಪೀಟರ್ಸ್ ಬೆಸಿಲಿಕಾ ಅಲ್ಲಿಂದ ನಡ್ಕೊಂಡ್ರೆ ಹತ್ತು ಹದಿನೈದು ನಿಮಿಷ. ಒಳಗೆ ಹೋಗೋಕೆ ದುಡ್ಡಿಲ್ಲ, ಆದ್ರೆ ಸೆಕ್ಯೂರಿಟಿ ಕ್ಯೂ ಬಿಸಿಲಲ್ಲಿ. ಭುಜ, ಮಂಡಿ ಮುಚ್ಚಿರ್ಬೇಕು, ಮಗಳು ಬ್ಯಾಗಲ್ಲಿ ದುಪಟ್ಟಾ ಇಟ್ಕೊಂಡಿದ್ಲು, ಅಮ್ಮನ ಸೀರೆಗೆ ಯಾರೂ ಏನೂ ಅನ್ಲಿಲ್ಲ. ಬುಧವಾರ ಬೆಳಿಗ್ಗೆ ಚೌಕದಲ್ಲಿ ಪೋಪ್ ದರ್ಶನ ಇರುತ್ತೆ, ನಿಮ್ಮ ಹಡಗು ಬುಧವಾರ ಬಂದ್ರೆ ಇದನ್ನ ಮಧ್ಯಾಹ್ನಕ್ಕೆ ಇಟ್ಕೊಳ್ಳಿ. ಒಳಗೆ ಬಲಗಡೆ ಮೊದಲಿಗೇ ಮೈಕೆಲೇಂಜೆಲೊನ ಪಿಯೆತಾ ಇದೆ, ಗಾಜಿನ ಹಿಂದೆ, ಸತ್ತ ಮಗನನ್ನ ತೊಡೆ ಮೇಲೆ ಹಾಕ್ಕೊಂಡ ತಾಯಿ. ಅಮ್ಮ ಅಲ್ಲಿಂದ ಕದಲಲೇ ಇಲ್ಲ, ಟೂರ್ ಗುಂಪುಗಳು ಬಾವುಟ ಹಿಡಿದ ಗೈಡ್ ಹಿಂದೆ ಬಂದು ಬಂದು ಹೋಗ್ತಾ ಇದ್ವು. ನಮ್ಮನ್ನ ಎಬ್ಬಿಸೋರು ಯಾರೂ ಇರ್ಲಿಲ್ಲ.

ಆಮೇಲೆ ಬಸ್ ಹಿಡಿದು ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ದೇವಸ್ಥಾನಕ್ಕೆ. 64ನೇ ನಂಬರ್ ಬಸ್ ಜೇಬುಗಳ್ಳರಿಗೆ ಹೆಸರುವಾಸಿ, ಬ್ಯಾಗ್ ಹೊಟ್ಟೆ ಮುಂದೆ ಹಾಕ್ಕೊಳ್ಳಿ ಅಷ್ಟೇ. ಪ್ಯಾಂಥಿಯನ್‌ಗೆ 2023ರಿಂದ ಟಿಕೆಟ್ ಮಾಡಿದ್ದಾರೆ, ಕೊಡ್ಬಹುದು. ಹತ್ತಿರ ಹತ್ತಿರ 1900 ವರ್ಷದ ಹಿಂದೆ ಕಟ್ಟಿದ ಗುಮ್ಮಟ, 43 ಮೀಟರ್ ಅಗಲ, ಕಾಂಕ್ರೀಟ್, ಒಳಗೆ ಕಬ್ಬಿಣದ ಸರಳಿಲ್ಲ, ನೆತ್ತಿಯಲ್ಲಿ ದೊಡ್ಡ ತೂತು, ಮಳೆ ಬಂದ್ರೆ ನೀರು ಒಳಗೇ ಬೀಳುತ್ತೆ, ಹರಿದು ಹೋಗೋಕೆ ನೆಲದಲ್ಲಿ ಸಣ್ಣ ಸಣ್ಣ ತೂತಿವೆ. ಸಿವಿಲ್ ಎಂಜಿನಿಯರಿಂಗ್ ಓದ್ತಿರೋ ಮಗಳು ನೆಲ ನೋಡ್ತಿದ್ಲು, ಮಿಕ್ಕವರೆಲ್ಲ ಮೇಲೆ ನೋಡ್ತಿದ್ರು. ಕೊಲೋಸಿಯಂ ಒಳಗೆ ಹೋಗೋದನ್ನ ಬೇಕಂತಲೇ ಬಿಟ್ವಿ, ಹೆಸರು, ಟೈಮ್ ಎರಡೂ ಹಾಕಿರೋ ಟಿಕೆಟ್ ಅದು, ಹಡಗು ಒಂದು ಗಂಟೆ ತಡವಾಗಿ ಬಂದರಿಗೆ ಬಂದ್ರೆ ದುಡ್ಡು ಹೋಯ್ತು. ಹೊರಗಿಂದ ನೋಡಿ ಎದುರಿಗೇ ಮೆಟ್ರೋ ಹತ್ತಿದ್ವಿ, ಎರಡನೇ ಸ್ಟಾಪ್ ಪಿರಾಮಿದೆ, ಅದಕ್ಕೆ ಅಂಟಿಕೊಂಡೇ ಒಸ್ತಿಯೆನ್ಸೆ ರೈಲ್ವೆ ಸ್ಟೇಷನ್, ಚಿವಿಟಾವೆಕ್ಯಾ ಟ್ರೇನ್ ಅಲ್ಲೇ ಸಿಗುತ್ತೆ. ನೀರಿನ ಬಾಟಲಿ ಖಾಲಿದೇ ತಗೊಂಡು ಹೋಗಿ, ರೋಮ್ ರಸ್ತೆಗಳಲ್ಲಿ ಎಲ್ಲೆಂದ್ರೆ ಅಲ್ಲಿ ಕುಡಿಯೋ ನೀರಿನ ನಲ್ಲಿ ಹರೀತಾನೇ ಇರುತ್ತೆ, ತಣ್ಣಗಿರುತ್ತೆ.

ನೇಪಲ್ಸ್‌ನಲ್ಲಿ ನಾವು ಇಬ್ಭಾಗ ಆದ್ವಿ, ನನ್ನ ಪ್ರಕಾರ ಟೂರ್ ತಗೊಳ್ಳದೇ ಇದ್ದಿದ್ದಕ್ಕೆ ಸಿಕ್ಕ ದೊಡ್ಡ ಲಾಭ ಇದೇ. ಪೊಂಪೇಯಿ ಅಂದ್ರೆ ಬೂದಿಯಲ್ಲಿ ಮುಚ್ಚಿಹೋಗಿದ್ದ ಹಳೇ ರೋಮನ್ ಊರು, ಅದರ ಕಲ್ಲು ಹಾಸಿನ ಮೇಲೆ ಮೂರು ಗಂಟೆ ಬಿಸಿಲಲ್ಲಿ ನಡೆಯೋದು ಅಮ್ಮನ ಕೈಲಿ ಆಗಲ್ಲ. ಅದಕ್ಕೆ ನಾನು, ಮಗಳು ಪೊಂಪೇಯಿಗೆ, ಹೆಂಡ್ತಿ, ಅಮ್ಮ ಊರಲ್ಲೇ ಇರೋ ಆರ್ಕಿಯಾಲಜಿ ಮ್ಯೂಸಿಯಂಗೆ. ಹಡಗಿನ ಎದುರೇ ಮುನಿಚಿಪಿಯೊ ಮೆಟ್ರೋ, ಒಂದು ದಿಕ್ಕಿಗೆ ಮೂರು ಸ್ಟಾಪ್ ಹೋದ್ರೆ ಮುಸೆಯೊ, ಇನ್ನೊಂದು ದಿಕ್ಕಿಗೆ ಮೂರು ಸ್ಟಾಪ್ ಹೋದ್ರೆ ಗಾರಿಬಾಲ್ಡಿ ಸ್ಟೇಷನ್. ಮ್ಯೂಸಿಯಂಗೆ ಮಂಗಳವಾರ ರಜಾ, ನೋಡ್ಕೊಳ್ಳಿ.

ಗಾರಿಬಾಲ್ಡಿ ಕೆಳಗಿಂದ ಚಿರ್ಕುಮ್‌ವೆಸುವಿಯಾನಾ ಅಂತ ಒಂದು ಲೋಕಲ್ ಟ್ರೇನ್ ಹೋಗುತ್ತೆ. ಹಳೇ ಡಬ್ಬಿ, ಗೋಡೆ ಮೇಲೆಲ್ಲ ಗೀಚಿರೋದು, ಎಸಿ ನಂಬ್ಕೋಬೇಡಿ, ರಶ್ ಜಾಸ್ತಿ, ಲೇಟ್ ಆಗೋದು ಮಾಮೂಲಿ, ಇದಕ್ಕೋಸ್ಕರ ಆವತ್ತು ನನ್ನ ಎರಡು ಗಂಟೆ ಲೆಕ್ಕವನ್ನ ಮೂರು ಮಾಡ್ಕೊಂಡಿದ್ದೆ. ಸೀಟ್ ಬೇಕಿದ್ರೆ ಅದು ಹೊರಡೋ ಸ್ಟೇಷನ್ ಪೋರ್ತಾ ನೊಲಾನಾಗೆ ಹೋಗಿ ಹತ್ತಿ, ಗಾರಿಬಾಲ್ಡಿ ಅದರ ನಂತರದ್ದು. ಸೊರೆಂಟೊ ಕಡೆ ಹೋಗೋ ಟ್ರೇನೇ ಆಗ್ಬೇಕು, ಇಳಿಯೋದು ಪೊಂಪೇಯಿ ಸ್ಕಾವಿ ವಿಲ್ಲಾ ದೇಯ್ ಮಿಸ್ತೇರಿ, ಬರೀ ಪೊಂಪೇಯಿ ಅಂತ ಇರೋ ಸ್ಟೇಷನ್ ಬೇರೆ. ಇಳಿದು ಎದುರೇ ಗೇಟ್. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿದ್ದಾರೆ, ಟಿಕೆಟ್ ಮೇಲೆ ಹೆಸರಿರುತ್ತೆ, ಗುರುತಿಗೆ ಏನಾದ್ರೂ ಬೇಕು. ನಮ್ಮ ಪಾಸ್‌ಪೋರ್ಟ್ ಹಡಗಿನವರು ಇಟ್ಕೊಂಡಿದ್ರು, ಜೆರಾಕ್ಸ್ ತಗೊಂಡು ಹೋಗಿದ್ವಿ, ನಡೀತು.

ಒಳಗೆ ದೊಡ್ಡ ದೊಡ್ಡ ದೇವಸ್ಥಾನಗಳಿಗಿಂತ ನಮಗೆ ಹಿಡಿಸಿದ್ದು ಬೀದಿಗಳು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಚ್ಚಿಹೋದಾಗ ಹೇಗಿತ್ತೋ ಹಾಗೆ, ರಸ್ತೆ ದಾಟೋಕೆ ಎತ್ತರದ ಕಲ್ಲುಗಳು, ನಡುವೆ ಗಾಡಿ ಚಕ್ರ ಹೋಗೋಕೆ ಸಂದು, ಕಲ್ಲಿನ ಮೇಲೆ ಚಕ್ರ ಸವೆಸಿದ ಗೆರೆ, ಮೂಲೆ ಮೂಲೆಗೂ ಬಿಸಿ ಊಟ ಮಾರ್ತಿದ್ದ ಅಂಗಡಿ ಕಟ್ಟೆ, ಅದರಲ್ಲಿ ಹುದುಗಿಸಿದ ಮಣ್ಣಿನ ಹಂಡೆ. ನೆರಳು ಕಡಿಮೆ, ಟೋಪಿ ಬೇಕೇ ಬೇಕು.

ಅತ್ತ ಮ್ಯೂಸಿಯಂನಲ್ಲಿ ಅಮ್ಮನಿಗೆ ಸಿಕ್ಕಿದ್ದು ಇದಕ್ಕಿಂತ ಚೆನ್ನಾಗಿತ್ತು. 1938ರಲ್ಲಿ ಪೊಂಪೇಯಿಯ ಒಂದು ಮನೇಲಿ ಸಿಕ್ಕಿದ ದಂತದ ಪುಟ್ಟ ಹೆಣ್ಣಿನ ಮೂರ್ತಿ, ಭಾರತದಲ್ಲಿ ಮಾಡಿದ್ದು, ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಪೊಂಪೇಯಿ ಲಕ್ಷ್ಮಿ ಅಂತ ಹೆಸರು ಬಿದ್ದಿದೆ, ಲಕ್ಷ್ಮಿನೋ ಯಕ್ಷಿಯೋ ಅಂತ ವಿದ್ವಾಂಸರಲ್ಲಿ ಜಗಳ. ಮೈ ತುಂಬ ಬಳೆ ಸರ, ಅಕ್ಕಪಕ್ಕ ಇಬ್ಬರು ಸಖಿಯರು. ಜ್ವಾಲಾಮುಖಿ ಸಿಡಿಯೋ ಮೊದಲೇ ಹಡಗಲ್ಲಿ ಅಷ್ಟು ದೂರ ಹೋಗಿತ್ತು ಅಂತಾಯ್ತು. ಅದನ್ನ ಇಟ್ಟಿರೋದು ರಹಸ್ಯ ಕೋಣೆ ಅಂತಾರಲ್ಲ, ರೋಮನ್ನರ ಶೃಂಗಾರದ ಚಿತ್ರ ಗೊಂಬೆಗಳೆಲ್ಲ ತುಂಬಿರೋ ಕೋಣೇಲಿ. ಹೆಂಡ್ತಿಗೆ ಅತ್ತೆ ಜೊತೆ ಆ ಕೋಣೆಗೆ ಹೋಗೋಕೆ ಮುಜುಗರ, ಅಮ್ಮ ಮಾತ್ರ ನಿಧಾನವಾಗಿ ಎಲ್ಲ ನೋಡಿ "ಇದ್ಯಾಕೆ ಕೋಣೇಲಿ ಬಚ್ಚಿಟ್ಟಿದ್ದಾರೆ, ನಮ್ಮಲ್ಲಿ ದೇವಸ್ಥಾನದ ಗೋಡೆ ಮೇಲೇ ಇದೆಯಲ್ಲೇ" ಅಂದ್ರಂತೆ. ಸಂಜೆ ಹಡಗಲ್ಲಿ ಇದನ್ನೇ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಸಸ್ಯಾಹಾರಿಗಳಿಗೆ ನೇಪಲ್ಸ್ ಪಿಜ್ಜಾ ಸಾಕು, ಮಾರಿನಾರಾ ಕೇಳಿದ್ರೆ ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸ್ ಕೂಡ ಇರಲ್ಲ. ಪಾರ್ಮೆಸಾನ್ ಚೀಸ್‌ಗೆ ಹಾಲು ಗಟ್ಟಿಯಾಗೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರ್ತಾರೆ, ಮಡಿ ನೋಡೋರು ಗಮನಿಸಿ.

ಮೆಸ್ಸೀನಾದಲ್ಲಿ ಜಾಸ್ತಿ ಹೇಳೋದೇನಿಲ್ಲ. ಬಂದರಿನಿಂದ ಕೆಥೆಡ್ರಲ್‌ಗೆ ನಡ್ಕೊಂಡೇ ಹೋಗಿ, ಮಧ್ಯಾಹ್ನ 12ಕ್ಕೆ ಸರಿಯಾಗಿ ಅಲ್ಲಿರಿ. 1908ರ ಭೂಕಂಪದಲ್ಲಿ ಊರೇ ನೆಲಸಮ ಆದ್ಮೇಲೆ ಮತ್ತೆ ಕಟ್ಟಿದ ಗಂಟೆಗೋಪುರದಲ್ಲಿ 1933ರಲ್ಲಿ ಕೂರಿಸಿದ ದೊಡ್ಡ ಗಡಿಯಾರ, ಸಿಂಹ ಘರ್ಜಿಸುತ್ತೆ, ಕೋಳಿ ಕೂಗುತ್ತೆ, ಗೊಂಬೆಗಳು ಸುತ್ತುತ್ತವೆ. ಖರ್ಚು ಸೊನ್ನೆ.

ವಲೆಟ್ಟಾ ಬಂದಾಗ ಬೆಳಿಗ್ಗೆ ಬೇಗ ಎದ್ದು ಡೆಕ್‌ಗೆ ಬನ್ನಿ, ಹಡಗು ಗ್ರ್ಯಾಂಡ್ ಹಾರ್ಬರ್ ಒಳಗೆ ಬರೋವಾಗ ಎರಡೂ ಕಡೆ ಜೇನು ಬಣ್ಣದ ಕೋಟೆಗಳು. ಊರು ಮೇಲಿದೆ, ಆದ್ರೆ ಹತ್ತೋದು ಬೇಡ, ಅಪ್ಪರ್ ಬರಾಕ್ಕಾ ಅನ್ನೋ ಪಾರ್ಕ್‌ಗೆ ಲಿಫ್ಟ್ ಇದೆ, 58 ಮೀಟರ್, ಅಮ್ಮ ಅಲ್ಲಿವರೆಗೂ ನಂಬಿರ್ಲಿಲ್ಲ. ಮೇಲಿನ ಪಾರ್ಕ್‌ನಿಂದ ನಮ್ಮ ಹಡಗೇ ಕೆಳಗೆ ಕಾಣ್ತಿರುತ್ತೆ, ಬಿಟ್ಟು ಹೋಗುತ್ತೆ ಅನ್ನೋ ಚಿಂತೆಯೇ ಇಲ್ಲ. ಸೇಂಟ್ ಜಾನ್ಸ್ ಕೆಥೆಡ್ರಲ್ ಹೊರಗಿಂದ ಸಪ್ಪೆ, ಒಳಗೆ ಗೋಡೆಯೆಲ್ಲ ಚಿನ್ನದ ಬಣ್ಣ, ನೆಲ ಪೂರ್ತಿ ನೈಟ್‌ಗಳ, ಅಂದ್ರೆ ಹಳೇ ಕಾಲದ ಕ್ರೈಸ್ತ ಯೋಧರ ಸಮಾಧಿ ಕಲ್ಲು, ಹೈಹೀಲ್ಸ್‌ಗೆ ಬಿಡಲ್ಲ. ಇಟಲಿಯ ಚಿತ್ರಕಾರ ಕಾರಾವಾಜ್ಯೊ 1608ರಲ್ಲಿ ಬರೆದ ಸಂತ ಜಾನ್‌ನ ಶಿರಚ್ಛೇದದ ಚಿತ್ರ ಇಲ್ಲಿದೆ, ಅವನು ಸಹಿ ಹಾಕಿರೋದು ಇದೊಂದಕ್ಕೇ, ಅದೂ ಚಿತ್ರದಲ್ಲಿ ಹರಿದಿರೋ ರಕ್ತದಲ್ಲಿ. ಭಾನುವಾರ ಪ್ರವಾಸಿಗಳಿಗೆ ಇಲ್ಲ.

ಇನ್ನು ಬಿಡಿ ವಿಷಯಗಳು. ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿನೇ ಕೇಳಿ, ಟರ್ಕಿ, ಮಾಂಟೆನೆಗ್ರೊ ಕಡೆ ಹೋಗೋ ಹಡಗಾದ್ರೆ ಅದಿಲ್ಲದೆ ಆಗಲ್ಲ. ಸಮುದ್ರದ ಮಧ್ಯೆ ಫೋನ್ ತಾನಾಗೇ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು ಬಿಲ್ ಏರಿಸುತ್ತೆ, ಏರೋಪ್ಲೇನ್ ಮೋಡ್ ಹಾಕಿ. ಇಟಲಿಯಲ್ಲಿ ಟ್ರೇನ್ ಮುಷ್ಕರ ಆಗಾಗ ಇರುತ್ತೆ, ಮುಂಚೆನೇ ದಿನಾಂಕ ಘೋಷಿಸ್ತಾರೆ, ಶೋಪೆರೊ ಅಂತ ಹುಡುಕಿ. ಮುಷ್ಕರದ ದಿನವೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ರೀಜನಲ್ ಟ್ರೇನ್ ಓಡಿಸ್ತಾರೆ, ಆದ್ರೆ ಕ್ರೂಸ್‌ನವರಿಗೆ ಸಂಜೆ 6 ಅಂದ್ರೆ ಹಡಗು ಹೊರಟಾಯ್ತು. ನಮ್ಮ ರೋಮ್ ದಿನಕ್ಕೆ ಮುಷ್ಕರ ಬಿದ್ದಿದ್ರೆ ಕಣ್ಣು ಮುಚ್ಕೊಂಡು ಟೂರ್ ತಗೋತಿದ್ದೆ.

ನೇಪಲ್ಸ್ ಹತ್ರದ ಅಮಾಲ್ಫಿ ಕರಾವಳಿ ಕಡೆ ಹೋಗ್ಬೇಕಿದ್ರೂ ಅಷ್ಟೇ, ಟೂರೇ. ನೇಪಲ್ಸ್‌ನಿಂದ ಸೊರೆಂಟೊವರೆಗೆ ಅದೇ ಲೋಕಲ್ ಟ್ರೇನ್, ಆಮೇಲೆ ಬೆಟ್ಟದ ಅಂಚಲ್ಲಿ ಒಂದೇ ಒಂದು ಕಿರಿದಾದ ರಸ್ತೆ, ಬೇಸಿಗೆಯಲ್ಲಿ ಬಸ್ಸುಗಳು ಎದುರುಬದುರಾದ್ರೆ ಎಷ್ಟು ಹೊತ್ತು ನಿಲ್ಲುತ್ತೋ ಹೇಳೋಕಾಗಲ್ಲ. ಅಲ್ಲಿ ವಾಪಸ್ ಬರೋ ಲೆಕ್ಕ ನನ್ನ ಕೈಲಿ ಬರೆಯೋಕಾಗಲ್ಲ, ನಮ್ಮ ಬಸ್ ಸಿಕ್ಕಿಹಾಕ್ಕೊಂಡ್ರೂ ಹಡಗು ಕಾಯುತ್ತೆ ಅನ್ನೋದಕ್ಕೇ ಆ ನೂರು ಯೂರೋ ಕೊಡ್ತೀನಿ.